ಬಲಗೆನ್ನೆಗೆ ಗ್ಲಿಸರಿನ್, ಎಡಗೆನ್ನೆಗೆ ಕೊಬ್ಬು

ಬೆಟ್ಟಗಳ ನಡುವಿನ ನಮ್ಮ ನಾರಿನ್ ಊರಿನ ಒಣ ಚಳಿಗಾಳಿಗೆ ಮನುಷ್ಯರ ಮುಖದ ಮೇಲೆ ಅದೇನು ಹಗೆಯೋ. ಬಿರಿದ ಕೆನ್ನೆಗೆ ಗ್ಲಿಸರಿನ್ನೇ ಮದ್ದು ಎಂದು ನಾನು, ಕುರಿಬಾಲದ ಕೊಬ್ಬು ಎಂದು ಪಕ್ಕದ ಮನೆಯ ಕುಮುಷ್. ನನ್ನದು ಔಷಧಿ ಅಂಗಡಿ. ಅವಳದು ಬರೀ ಬಾಯಿ.

ಲಾರಿ ಓಡಿಸುವ ಸಾದಿರ್ ತನ್ನ ಮಗನಿಗೆ ನನ್ನ ಒಬ್ಬಳೇ ಮಗಳು ಬೆಗಾಯಿಮಳನ್ನು ಕೇಳಲು ಬಂದ ದಿನವೂ ಇದೇ ಜಗಳ. ಹುಡುಗ ಹುಡುಗಿ ಮೊದಲೇ ಒಪ್ಪಿಕೊಂಡಿದ್ದರು. ಬಾಲದ ಕೊಬ್ಬೂ ಬೆಂದಿತ್ತು. ನಮ್ಮಲ್ಲಿ ಹೆಣ್ಣಿನ ತಾಯಿ, ಅಂದರೆ ನಾನು, ಅದನ್ನು ಕೈಯಾರೆ ಗಂಡಿನ ತಂದೆಯ ಬಾಯಿಗಿಟ್ಟರೆ ಬೀಗತನ ಗಟ್ಟಿ. ಆಮೇಲೆ ಯಾರಪ್ಪನಿಗೂ ಬಿಡಿಸಲಾಗದು.

ಸಾದಿರನ ಬಿರಿದ ಮುಖ ಕಂಡದ್ದೇ ಕುಮುಷ್ ಕೊಬ್ಬಿನ ತಟ್ಟೆಗೆ ಕೈ ಹಾಕಿದಳು. "ಬರೀ ಮಾತ್ಯಾಕೆ? ಬಲಗೆನ್ನೆ ನಿಂದು, ಎಡಗೆನ್ನೆ ನಂದು. ನೋಡೇಬಿಡೋಣ."

"ನಂಗಿರೋದು ಒಂದೇ ಮುಖ ಕಣಮ್ಮ," ಎಂದ ಸಾದಿರ್. ಯಾರು ಕೇಳುತ್ತಾರೆ.

ಗ್ಲಿಸರಿನ್ ನೀರನ್ನು ಎಳೆಯುವ ವಸ್ತು. ಮೊದಲು ಕೆನ್ನೆ ಒದ್ದೆ ಮಾಡಬೇಕು, ಇಲ್ಲದಿದ್ದರೆ ಚರ್ಮದ ನೀರನ್ನೇ ಹೀರುತ್ತದೆ. ಗೆಲ್ಲುವ ಆತುರದಲ್ಲಿ ನಾನದನ್ನು ಮರೆತು ಒಣ ಕೆನ್ನೆಗೇ ಹಚ್ಚಿಬಿಟ್ಟೆ. ಉರಿ ತಾಳಲಾರದೆ ಸಾದಿರ್ ಬಾಯಿ ತೆರೆದ. ಎಡಗೆನ್ನೆ ಸವರುತ್ತಿದ್ದ ಕುಮುಷಳ ಬೆರಳು ಕೊಬ್ಬಿನ ಸಮೇತ ಒಳಗೆ ಹೋಯಿತು.

ಊರಿನ ಹಿರಿಯ ಅಸನಾಲಿ ಅಜ್ಜ ಚಹಾ ಬಟ್ಟಲು ಕೆಳಗಿಟ್ಟ. "ನುಂಗಿದ್ಯೇನೋ?"

"ನುಂಗ್ಬಿಟ್ಟೆ ಅಜ್ಜ."

"ಹಂಗಾದ್ರೆ ಮುಗೀತು. ಕುಮುಷೇ ನಿಂಗೆ ಬೀಗಿತ್ತಿ."

"ಅವಳಿಗೆ ಮಕ್ಕಳೇ ಇಲ್ವಲ್ಲ ಅಜ್ಜ," ಎಂದೆ.

"ನಿನ್ನತ್ರ ಒಬ್ಳು ಇದಾಳಲ್ಲ. ಅವಳಿಗೆ ಮಗಳು ಮಾಡಿ ಕೊಡು."

"ನಾನೂ ಒಂದು ತುತ್ತು ತಿನ್ನಿಸ್ತೀನಿ."

"ಒಂದು ಹೆಣ್ಣಿಗೆ ಇಬ್ರು ತಾಯಂದ್ರಾ? ಜನ ನಗ್ತಾರೆ."

ಜನ ಈಗ ನಗುತ್ತಿಲ್ಲವೇ ಎಂದು ಕೇಳಬೇಕೆನಿಸಿತು. ಮಗಳೋ, "ಯಾವ ಬಾಗಿಲಿಂದ ಹೋದ್ರೇನಮ್ಮ, ಅವನ ಮನೆಗೇ ತಾನೇ," ಎಂದು ಗಂಟು ಕಟ್ಟಿ ಕುಮುಷಳ ಮನೆ ಸೇರಿದಳು. ಹೆತ್ತವಳು ನಾನು, ಮದುವೆಗೆ ಪಕ್ಕದ ಮನೆಯವಳಾಗಿ ಹೋದೆ.

ಮಗಳನ್ನು ಕಳಿಸುವಾಗ ತಾಯಿ ಹಾಡಿ ಅಳಬೇಕು. ಅಲಂಕರಿಸಿದ ಲಾರಿಯ ಮುಂದೆ ಕುಮುಷ್ ಬಾಯಿ ತೆರೆದು ನಿಂತಳು. ದನಿಯೇ ಹೊರಡಲಿಲ್ಲ. ಹಿರಿಯರು ಕೆಮ್ಮಿದರು. ಅವಳು ಹಿಂದಕ್ಕೆ ಕೈ ಚಾಚಿ ನನ್ನ ತೋಳು ಜಗ್ಗಿದಳು.

"ಅಕ್ಕಾ, ನಂಗೆ ಬರಲ್ಲ. ಹೆತ್ತಿದ್ರೆ ತಾನೇ ಬರೋದು."

ಅವಳ ಮೇಲೆ ಸಿಟ್ಟಾಗಲು ಆಗಲೇ ಇಲ್ಲ. ಅವಳ ಬೆನ್ನ ಹಿಂದೆ ನಿಂತು ನಾನು ಹಾಡಿದೆ, ಅವಳು ತುಟಿ ಅಲ್ಲಾಡಿಸಿದಳು.

"ಎಂಥಾ ಕಂಠ ಕುಮುಷಂದು," ಎಂದರು ಜನ.

ಬೆಗಾಯಿಮ್ ಕುಮುಷಳನ್ನು ತಬ್ಬಿಕೊಂಡಳು. ಹಾಗೆ ತಬ್ಬಿಕೊಂಡೇ ಅವಳ ಬೆನ್ನ ಹಿಂದಕ್ಕೆ ಕೈ ನೀಡಿ ನನ್ನ ಮಣಿಕಟ್ಟು ಹಿಡಿದಳು. ಸಾದಿರ್ ಎಷ್ಟು ಹಾರನ್ ಬಾರಿಸಿದರೂ ಬಿಡಲಿಲ್ಲ.