ಕೆಂಪು ದಾರದ ಪೆನ್‌ಡ್ರೈವ್

ಟ್ರ್ಯಾಕ್ಟರಿನ ಟೇಪಿನಲ್ಲಿ ಹಾಡು ಓಣಿಗೆಲ್ಲ ಕೇಳುವಂತೆ ಒದರುತ್ತಿತ್ತು. ಅಂಗಳ ಗುಡಿಸುತ್ತಿದ್ದ ವಿಜಯಲಕ್ಷ್ಮಿಗೆ ಕಂಡದ್ದು ಆ ಟೇಪಿನಿಂದ ಇಳಿಬಿದ್ದ ಕೆಂಪು ದಾರ. ತನ್ನ ಪೆನ್‌ಡ್ರೈವಿಗೆ ಅವಳೇ ಕಟ್ಟಿದ ದಾರ. ಕಸಬರಿಗೆ ಅಲ್ಲೇ ಒಗೆದು, ಟ್ರ್ಯಾಕ್ಟರ್ ಹತ್ತಿ ಪೆನ್‌ಡ್ರೈವನ್ನು ಕಿತ್ತಳು. ಹಾಡು ಅರ್ಧಕ್ಕೆ ನಿಂತಿತು.

“ಏ, ಯಾಕ ತಗದಿ?” ಸೀಟಿನ ಮೇಲಿದ್ದ ಗಂಡ ಅನೀಲಕುಮಾರ ರೇಗಿದ.

“ಇದ್ರಾಗ ನಂದು ಇತ್ತಲ್ರಿ, ಏನ್ ಮಾಡಿದ್ರಿ ಅದನ್ನ?”

“ಏನೂ ಇರಲಿಲ್ಲ. ಗೂಡಿನ್ಯಾಗ ಬಿದ್ದಿತ್ತು. ಅಪ್ಪನ ಕಂಪ್ಯೂಟರಿಗೆ ಹಾಕಿದೆ, ಎಲ್ಲಾ ಅಳಿಸಿ ಫಾರ್ಮ್ಯಾಟ್ ಮಾಡ್ಲೇನು ಅಂತ ಕೇಳ್ತು. ಹೂಂ ಅಂದೆ, ಹಾಡು ತುಂಬಿದೆ. ಅದಕ್ಯಾಕ ಇಷ್ಟು ಒದರ್ತಿ?”

ಕೇಳುವಷ್ಟು ಮರ್ಯಾದೆ ಆ ಯಂತ್ರಕ್ಕಾದರೂ ಇತ್ತು. ಈ ಪುಣ್ಯಾತ್ಮನಿಗೆ ಅದೂ ಇರಲಿಲ್ಲ.

ಕಂಪ್ಯೂಟರ್ ಮಾವ ಬಸಂತರಾಯರದು. ತಮ್ಮೂರು ಕನ್ನೊಳ್ಳಿಯ ಮಂದಿಗೆ ಅರ್ಜಿ, ತಕರಾರು ಟೈಪ್ ಮಾಡಿಕೊಡುವ ಅವರು ಅದಕ್ಕೆ ಪಾಸ್‌ವರ್ಡ್ ಹಾಕಿದ್ದರು. ಮಗನಿಗೆ ಹೇಳಿದ್ದರು, ಸೊಸೆಗೆ ಹೇಳಿರಲಿಲ್ಲ. “ಹೆಣ್ಮಕ್ಕಳು ಕೈ ಹಚ್ಚಿದ್ರ ಕೆಡತೈತಿ” ಎಂದಿದ್ದರು. ಬಿಎಸ್ಸಿ ಪಾಸಾದ ಸೊಸೆಗೆ! ಅವಳು ಸಿಂದಗಿಯಲ್ಲಿ ಕಂಪ್ಯೂಟರ್ ಕಲಿಸುವ ಗೆಳತಿ ಹಜರಾಬಿಯ ಹತ್ತಿರ ಹೋಗಿ, ಪೆನ್‌ಡ್ರೈವಿನಲ್ಲೇ ಕಂಪ್ಯೂಟರ್ ನಡೆಸುವ ಇಡೀ ಒಂದು ಆಪರೇಟಿಂಗ್ ಸಿಸ್ಟಂ ಕೂಡಿಸಿಕೊಂಡು ಬಂದಳು. ಅದನ್ನು ಹಾಕಿ ಚಾಲೂ ಮಾಡಿದರೆ ಮಾವನ ಪಾಸ್‌ವರ್ಡಿನ ಗೊಡವೆಯೇ ಇಲ್ಲ. ಕಿತ್ತುಕೊಂಡರೆ ಕಂಪ್ಯೂಟರಿನಲ್ಲಿ ಅವಳ ಗುರುತೂ ಉಳಿಯುತ್ತಿರಲಿಲ್ಲ.

ಮಾವ ಮಧ್ಯಾಹ್ನ ಮಲಗಿದಾಗ ದಿನಾ ಒಂದು ಪುಟ ಅನುವಾದ. ತವರೂರು ಚಡಚಣದ ದ್ರಾಕ್ಷಿ ಬೆಳೆಗಾರರು ಒಂದು ಮರಾಠಿ ಪುಸ್ತಕ ಕೊಟ್ಟಿದ್ದರು, ಬಳ್ಳಿಯನ್ನು ಯಾವಾಗ, ಹೇಗೆ ಕತ್ತರಿಸಬೇಕು ಎಂಬುದು. ಕನ್ನಡಕ್ಕೆ ತಂದುಕೊಟ್ಟರೆ ಮುಖಪುಟದ ಮೇಲೆ ಅವಳ ಹೆಸರು. ಎಂಬತ್ತನಾಲ್ಕು ಪುಟ ಮುಗಿದು ಆ ಪೆನ್‌ಡ್ರೈವಿನಲ್ಲೇ ಇದ್ದವು. ಆರೇ ಆರು ಉಳಿದಿದ್ದವು.

ಅವತ್ತೇ ಸಿಂದಗಿಗೆ ಹೋದಳು. ಹಜರಾಬಿ ಎರಡು ತಾಸು ಹುಡುಕಿದಳು.

“ಐವತ್ತೆರಡು ಹಾಡು ಮ್ಯಾಲೆ ಕುಂತಾವ ವಿಜೂ. ಏನೂ ಸಿಗವಲ್ದು. ಇನ್ನೊಂದು ಕಡೆ ಇಟ್ಟಿದ್ದಿಲ್ಲೇನು?”

“ಎಲ್ಲಿ ಇಡ್ಲಿ? ಆ ಮನ್ಯಾಗ ನಂದು ಅಂತ ಇದ್ದದ್ದು ಇದೊಂದ.”

ಅಳು ಬರಲಿಲ್ಲ. ಸಿಟ್ಟು ನೆತ್ತಿಗೇರಿತ್ತು. ಅದೇ ಪೆನ್‌ಡ್ರೈವಿನಲ್ಲಿ ಮತ್ತೆ ಸಿಸ್ಟಂ ಕೂಡಿಸಿಕೊಂಡು ಬಸ್ ಹತ್ತಿದಳು.

ಮರುದಿನ ಬೆಳಗ್ಗೆ ಹತ್ತು ಗಂಟೆಗೆ, ಮಾವ ಚಹಾ ಹಿಡಿದು ಕಂಪ್ಯೂಟರಿನ ಮುಂದೆ ಕೂತಾಗಲೇ ಹೋಗಿ ನಿಂತಳು.

“ಸ್ವಲ್ಪ ಏಳ್ರಿ ಮಾವಾರ.”

ಆ ದನಿಗೆ ಅವರು ಎದ್ದೇಬಿಟ್ಟರು. ಅವಳು ಕೂತು ಪೆನ್‌ಡ್ರೈವ್ ಹಾಕಿ, ಅದರ ಸಿಸ್ಟಂ ಅನ್ನು ಕಂಪ್ಯೂಟರಿನೊಳಗೇ ಕೂಡಿಸಲು ಹೊರಟಳು. ಅನೀಲಕುಮಾರನೂ ಬಂದು ನಿಂತ. ತೆರೆಯ ಮೇಲೆ ಒಂದು ಪ್ರಶ್ನೆ ಮೂಡಿತು.

“ಏನ್ ಕೇಳಾಕತ್ತೈತಿ ಅದು?” ಬಸಂತರಾಯರು ಓದಲು ಚಾಳೀಸು ಹುಡುಕಿದರು.

“ನಿಮ್ಮ ಹದಿನೈದು ವರ್ಷದ ಅರ್ಜಿ ಅದಾವಲ್ರಿ, ಎಲ್ಲಾ ಅಳಿಸ್ಲೇನು ಅಂತ ಕೇಳಾಕತ್ತೈತ್ರಿ. ನಂದು ಅಳಿಸೂ ಮುಂದ ನಿಮ್ಮ ಮಗ ಹೂಂ ಅಂದ್ರು. ನಾ ಏನ್ ಅನ್ಲಿ?”

“ಹುಚ್ಚು ಹಿಡದೈತೇನು ನಿನಗ?” ಅನೀಲಕುಮಾರ ಕೈ ಚಾಚಿದ.

“ಮುಟ್ಟಬ್ಯಾಡ್ರಿ!”

ಅವನ ಕೈ ಅಲ್ಲೇ ನಿಂತಿತು. ಅವಳ ಬೆರಳು ಕೀಲಿಯ ಮೇಲಿತ್ತು. ಒತ್ತಿಬಿಡಬೇಕು ಎಂದು ಅವಳಿಗೆ ನಿಜವಾಗಿಯೂ ಅನಿಸಿತ್ತು.

“ಬ್ಯಾಡವಾ,” ಎಂದರು ಮಾವ. ಇಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ಅವಳು ಕೇಳಿರಲೇ ಇಲ್ಲ.

ಅವಳು ತೆರೆಯ ಮೇಲೆ ಒಂದು ಸಾಲು ಕೆಳಗೆ ಸರಿದಳು. ಇದ್ದದ್ದನ್ನು ಉಳಿಸಿ ಅದರ ಪಕ್ಕದಲ್ಲಿ ಹೊಸದನ್ನು ಕೂಡಿಸಲೇ ಎಂದು ಅಲ್ಲಿತ್ತು. ಡಿಸ್ಕನ್ನು ಸರಿಯಾಗಿ ಅರ್ಧ ಮಾಡಿ ಒತ್ತಿದಳು. ಹೆಸರು ಕೇಳಿತು, ತನ್ನ ಪೂರ್ತಿ ಹೆಸರು ಹೊಡೆದಳು. ಪಾಸ್‌ವರ್ಡ್ ಕೇಳಿದಾಗ “ಆ ಕಡೆ ನೋಡ್ರಿ” ಎಂದಳು. ಅಪ್ಪ ಮಗ ಇಬ್ಬರೂ ಗೋಡೆ ನೋಡಿದರು.

ಮಾರನೆಯ ದಿನ ಅವಳು ರೊಟ್ಟಿ ಬಡಿಯುತ್ತಿದ್ದಾಗ ಪಡಸಾಲೆಯಿಂದ ಮಾವನ ದನಿ ಬಂತು.

“ವಿಜಯಲಕ್ಷ್ಮೀ, ಕಂಪ್ಯೂಟರ್ ಚಾಲೂ ಮಾಡಿದ್ರ ಎರಡು ಸಾಲು ಬಂದಾವಲ್ಲ. ಯಾವುದು ಒತ್ತಬೇಕವಾ?”

“ಕೆಳಗಿಂದು ನಿಮ್ದ್ರಿ. ಲಗೂನ ಒತ್ರಿ, ಸುಮ್ನ ಕುಂತ್ರ ನಂದ ಚಾಲೂ ಆಗತೈತಿ.”

ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿದಳು. ಪಕ್ಕದ ಗೂಡಿನಲ್ಲಿ ಮರಾಠಿ ಪುಸ್ತಕದ ಮೊದಲನೆಯ ಪುಟ ತೆರೆದಿತ್ತು. ಗಾಳಿಗೆ ಹಾಳೆ ಹಾರದಂತೆ ಅದರ ಮೇಲೆ ಉಪ್ಪಿನ ಡಬ್ಬಿ ಇಟ್ಟಿದ್ದಳು.