ಮೇದಪ್ಪ ಮಾವನ ಬೆಲ್ಟು

ಹನ್ನೊಂದನೆಯ ದಿನದ ಕೆಲಸ ಮುಗಿದು ನೆಂಟರೆಲ್ಲ ಹೊರಟುಹೋದ ಮರುದಿನ ಎಂದಿನಂತೆ ಹಾಲು ಬಂತು. ಅತ್ತೆ ಗಂಜಿಗೆ ಅಕ್ಕಿ ಹಾಕಿದರು. ನಾನು ಬಚ್ಚಲಿನ ಒಲೆಗೆ ಬೆಂಕಿ ಮಾಡಲು ಹೋದೆ. ಅಲ್ಲಿ ಗೋಡೆಯ ಮೊಳೆಯಲ್ಲಿ ಬೆಲ್ಟು ತೂಗುತ್ತಿತ್ತು. ಅಷ್ಟು ದಿನವೂ ಅದನ್ನು ಯಾರೂ ಮುಟ್ಟಿರಲಿಲ್ಲ.

ಎಲ್ಲರೂ ಬೆಲ್ಟು ಎನ್ನುತ್ತಿದ್ದರು. ನಿಜವಾಗಿ ಅದು ಎದೆಗೂಡಿನ ಕೆಳಗಿನಿಂದ ಕಿಬ್ಬೊಟ್ಟೆಯವರೆಗೆ ಬರುವ ದಪ್ಪ ಕ್ಯಾನ್ವಾಸಿನ ಕವಚ. ಒಳಗೆ ಉಕ್ಕಿನ ಪಟ್ಟಿಗಳನ್ನು ಇಟ್ಟು ಹೊಲಿದಿದ್ದರು. ಬೆನ್ನಿನ ಕಡೆ ಬೂಟಿಗಿರುವಂತೆ ಲೇಸು. ನನ್ನ ಗಂಡ ದೇರಣ್ಣನವರ ಬೆವರು ಅದರ ಒಳಮೈಯಲ್ಲಿ ಹಳದಿ ಗೆರೆಗಳಾಗಿ ಒಣಗಿತ್ತು. ಅವರು ಹಚ್ಚಿಕೊಳ್ಳುತ್ತಿದ್ದ ಪೌಡರು ಆ ಬೆವರಿನಲ್ಲಿ ಕಲಸಿ ಹಿಟ್ಟಿನಂತೆ ಗಟ್ಟಿಯಾಗಿತ್ತು. ಹಳಸಿದ ಗಂಜಿನೀರಿನ ವಾಸನೆ. ನೊಣಗಳು ಕೂತಿದ್ದವು.

ಅದು ಸಂಪಾಜೆಯ ಮೇದಪ್ಪ ಮಾವನದ್ದು. ಅವರು ನಮಗೆ ದೂರದ ನೆಂಟರು, ಮಿಲಿಟರಿಯಲ್ಲಿ ಹವಾಲ್ದಾರರಾಗಿದ್ದವರು. ಬಿಳಿಯರು ದೇಶ ಬಿಟ್ಟಾಗ ಒಬ್ಬ ಕ್ಯಾಪ್ಟನ್ ಅದನ್ನು ಅವರಿಗೆ ಕೊಟ್ಟು ಹೋದನಂತೆ. ಆಮೇಲೆ ನೆಂಟರಲ್ಲಿ ಯಾರ ಮದುವೆಯಾದರೂ ಮದುಮಗನ ಅಂಗಿಯ ಒಳಗೆ ಅದೇ ಬೆಲ್ಟು. ಹೆತ್ತ ಹೆಂಗಸರ ಹೊಟ್ಟೆ ಕಟ್ಟುವುದಕ್ಕೂ ಅದೇ. ಎಷ್ಟು ಮೈಗಳ ಬೆವರು ಕುಡಿದಿತ್ತೋ. ಯಾರೂ ಅದನ್ನು ನೆಟ್ಟಗೆ ತೊಳೆದಂತಿರಲಿಲ್ಲ. ತೊಳೆದರೆ ಉಕ್ಕಿಗೆ ತುಕ್ಕು ಹಿಡಿಯುತ್ತದೆ ಎಂದು ಮಾವ ಕೊಡುವಾಗಲೇ ಹೇಳುತ್ತಿದ್ದರು.

"ಅದನ್ನು ಇವತ್ತೇ ಕೊಟ್ಟು ಬಾ," ಎಂದರು ಅತ್ತೆ, ಬಾಗಿಲಲ್ಲಿ ನಿಂತು. "ಸತ್ತವರು ಕೇಳಿ ತಂದದ್ದು ಮನೆಯಲ್ಲಿ ಇರಬಾರದು. ಅವರ ಮಗಳು ಅಮ್ಮುವಿಗೂ ಬೇಕಂತೆ. ಹೆತ್ತು ಹದಿನಾರು ದಿನ ಆಯ್ತಲ್ಲ, ಹೊಟ್ಟೆ ಕಟ್ಟುದಕ್ಕೆ."

"ನಾನು ಹೋಗುದಾ?"

"ನನ್ನ ಕಾಲಿನಲ್ಲಿ ಆಗ್ತದಾ ಮಾರಾಯ್ತಿ? ಬಾಣಂತಿಯ ಕೋಣೆಗೆ ಮಾತ್ರ ಹೋಗಬೇಡ. ಜಗಲಿಯಲ್ಲೇ ಕೊಟ್ಟು ಬಂದುಬಿಡು."

ನನ್ನ ಗಂಡ ಸುಳ್ಯದ ಒಂದು ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದರು. ಚೀನಾ ಯುದ್ಧದ ಮರುವರ್ಷ ಶಾಲೆಯ ಎನ್.ಸಿ.ಸಿ.ಯನ್ನು ಅವರಿಗೆ ವಹಿಸಿದರು. ಖಾಕಿ ಹಾಕಿದಾಗ ಹೊಟ್ಟೆ ಎದ್ದು ಕಾಣುತ್ತಿತ್ತು. ಹುಡುಗರು ಹಲಸಿನಕಾಯಿ ಎಂದು ಹೆಸರಿಟ್ಟರು. ಅದು ಕಿವಿಗೆ ಬಿದ್ದ ವಾರವೇ ಅವರು ಸಂಪಾಜೆಗೆ ಹೋಗಿ ಬೆಲ್ಟು ತಂದರು.

ಬೆನ್ನಿನ ಲೇಸನ್ನು ತಾನೇ ಎಳೆದುಕೊಳ್ಳಲು ಆಗುವುದಿಲ್ಲ. ದಿನಾ ಬೆಳಗ್ಗೆ ಅವರು ಕಿಟಕಿಯ ಸರಳು ಹಿಡಿದು ಉಸಿರು ಬಿಡುತ್ತಿದ್ದರು. ನಾನು ಅವರ ಬೆನ್ನಿಗೆ ಮೊಣಕಾಲು ಕೊಟ್ಟು ಎಳೆಯುತ್ತಿದ್ದೆ. "ಇನ್ನೂ ಸ್ವಲ್ಪ," ಎನ್ನುತ್ತಿದ್ದರು. ಮೊದಲ ತಿಂಗಳು ಇಬ್ಬರಿಗೂ ನಗು ಬರುತ್ತಿತ್ತು.

ಆಮೇಲೆ ಉಂಡದ್ದೆಲ್ಲ ಹುಳಿಯಾಗಿ ಗಂಟಲಿಗೆ ಬರತೊಡಗಿತು. ತೊಡೆ ಜೋಮು ಹಿಡಿಯುತ್ತಿತ್ತು. ಸಂಜೆ ಬಿಚ್ಚಿದರೆ ಚರ್ಮ ನೀರಿನಲ್ಲಿ ನೆನೆದಂತೆ ಬೆಳ್ಳಗೆ, ಅಂಚಿನಲ್ಲಿ ಕೀವಾದ ಬೊಕ್ಕೆಗಳು. ನಾನು ಮೂಗಿನಿಂದ ಉಸಿರಾಡದೆ ಎಣ್ಣೆ ಹಚ್ಚುತ್ತಿದ್ದೆ. ದೀಪಾವಳಿಯ ಹೊತ್ತಿಗೆ ತೊಡೆಸಂದಿಯಲ್ಲಿ ನಿಂಬೆಹಣ್ಣಿನಷ್ಟು ಗಂಟು. ಮಲಗಿದರೆ ಒಳಗೆ ಹೋಗುತ್ತಿತ್ತು, ನಿಂತರೆ ಹೊರಗೆ. ಡಾಕ್ಟರಿಗೆ ತೋರಿಸುವ ಎಂದೆ. ತೋರಿಸಿದರೆ ಪೆರೇಡು ಬಿಡಿಸುತ್ತಾರೆ ಎಂದರು. "ಬೆಲ್ಟು ಉಂಟಲ್ಲ, ಹಿಡಿದುಕೊಳ್ತದೆ."

ನಾನು ಮಂಗಳೂರಿನಲ್ಲಿ ಪ್ರಾಣಿಶಾಸ್ತ್ರ ಓದಿ ಬಿ.ಎಸ್ಸಿ. ಮಾಡಿದವಳು. ಹೊಟ್ಟೆಯನ್ನು ಸುತ್ತಲೂ ಅಮುಕಿದರೆ ಕರುಳು ಕೆಳಗೆ ದಾರಿ ಹುಡುಕುತ್ತದೆ ಎಂದು ತಿಳಿಯದವಳಲ್ಲ. ಆದರೂ ಎಳೆದೆ.

ಜನವರಿ ಇಪ್ಪತ್ತಾರರ ಪೆರೇಡು ಚೆನ್ನಾಗಿ ಆಯಿತಂತೆ. ಮಧ್ಯಾಹ್ನ ಮನೆಗೆ ಬಂದು ವಾಂತಿ ಮಾಡಿದರು. ಅಜೀರ್ಣ ಎಂದು ಓಮದ ನೀರು ಕೊಟ್ಟೆವು. ಗಂಟು ಒಳಗೆ ಹೋಗಲಿಲ್ಲ. ಮರುದಿನ ವಾಂತಿಗೆ ಮಲದ ವಾಸನೆ ಬಂತು. ಪುತ್ತೂರಿಗೆ ಕೊಂಡುಹೋದಾಗ ಸಂಜೆಯಾಗಿತ್ತು. ಕೊಯ್ದು ನೋಡಿದರೆ ಒಂದು ಗೇಣು ಕರುಳು ಕಪ್ಪಾಗಿ ಕೊಳೆತಿತ್ತು ಎಂದರು ಡಾಕ್ಟರು. ಮತ್ತೆ ಕೇಳಿದರು, "ಇವರ ಸೊಂಟದ ಸುತ್ತ ಈ ಕಲೆ ಎಂತದ್ದು?" ಗೊತ್ತಿಲ್ಲ ಎಂದೆ. ಊರಿನವರಿಗೆ ಅವರು ತೀರಿಕೊಂಡದ್ದು ಕರುಳಿನ ಹುಣ್ಣಿನಿಂದ ಎಂದೆ. ಹೆಣದ ಹತ್ತಿರ ಕೂತ ಹೆಂಗಸರು, ಎಷ್ಟು ಲಕ್ಷಣವಾಗಿದ್ದ, ಹೊಟ್ಟೆಯೇ ಇರಲಿಲ್ಲ ಎಂದು ಅಳುತ್ತಿದ್ದರು. ನಾನು ಎದ್ದು ಹಿತ್ತಲಿಗೆ ಹೋದೆ.

ಬೆಲ್ಟನ್ನು ಬಿಸಿನೀರಿನಲ್ಲಿ ನೆನೆಸಿ ಮೂರು ಸಲ ಸಾಬೂನು ಹಾಕಿ ತಿಕ್ಕಿದೆ. ಮೂರನೆಯ ನೀರೂ ಕಂದು. ಬಿಸಿಲಿಗೆ ಹಾಕಿ, ಅರೆಬರೆ ಒಣಗಿದ್ದನ್ನೇ ಕಾಗದದಲ್ಲಿ ಸುತ್ತಿ, ಮಧ್ಯಾಹ್ನ ಮಡಿಕೇರಿಯ ಬಸ್ಸು ಹತ್ತಿದೆ.

ಮೇದಪ್ಪ ಮಾವ ಜಗಲಿಯಲ್ಲಿ ವೀಳ್ಯ ಹಾಕುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತರು. "ಬಾ ಮಗಳೇ. ಕೂತುಕೋ." ವೀಳ್ಯದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ನಮ್ಮ ದೇರಣ್ಣ ಕೊನೆಗೆ ಒಳ್ಳೆ ಮಿಲಿಟರಿ ಜವಾನನ ಹಾಗೆ ಆಗಿದ್ದ."

ಅವರ ಹೆಂಡತಿ ನೀರು, ಬೆಲ್ಲ ತಂದಿಟ್ಟರು. ಅವರ ಕಣ್ಣು ಕಾಗದದ ಕಟ್ಟಿನ ಮೇಲಿತ್ತು. "ತಂದದ್ದು ಒಳ್ಳೆದಾಯ್ತು. ಹೊಟ್ಟೆಗೆ ಹಳೆ ಸೀರೆ ಕಟ್ಟಿದರೆ ನಿಲ್ಲುದೇ ಇಲ್ಲ. ಅಳಿಯ ರಜೆಯಲ್ಲಿ ಬರುದು ಮುಂದಿನ ತಿಂಗಳು. ಇವಳು ನೋಡಿದರೆ ದುಂಡಗೆ ಹುಲ್ಲು ಸುತ್ತಿದ ಅಕ್ಕಿಮುಡಿಯ ಹಾಗೆ ಉಂಟು."

"ಅಮ್ಮ, ಮುಡಿ ಇದ್ದದ್ದು ಹೊಟ್ಟೆಯ ಒಳಗೆ. ನೀವೇ ತೊಟ್ಟಿಲಿಗೆ ಹಾಕಿದಿರಲ್ಲ," ಎಂದು ಅಮ್ಮು ಕೋಣೆಯೊಳಗಿನಿಂದಲೇ ಹೇಳಿದಳು. ಮಾವ ನಕ್ಕು, ನನ್ನ ಮುಖ ನೋಡಿ ನಿಲ್ಲಿಸಿದರು.

"ನೋವು ಉಂಟಾ ಅಮ್ಮು?" ಎಂದೆ ಬಾಗಿಲ ಕಡೆಗೆ.

"ನೋವು ಅಂತ ಇಲ್ಲ ಅಕ್ಕ. ಸೀರೆ ಬಿಗಿದ ಮೇಲೆ ಕೆಳಗೆ ಎಂತದೋ ಇಳಿದ ಹಾಗೆ ಆಗುದು. ಕೂತರೆ ಭಾರ."

"ಎಲ್ಲರಿಗೂ ಆಗುದೇ," ಎಂದರು ತಾಯಿ. "ಬಿಗಿದು ಕಟ್ಟಿದರೆ ಸರಿಯಾಗ್ತದೆ."

"ಕಟ್ಟಬೇಡಿ," ಎಂದೆ. "ಮೇಲಿನಿಂದ ಒತ್ತಿದಷ್ಟೂ ಗರ್ಭಕೋಶ ಕೆಳಗೆ ಜಾರುತ್ತದೆ. ಸೀರೆಯನ್ನೂ ಬಿಚ್ಚಿ. ಡಾಕ್ಟರಮ್ಮನಿಗೆ ತೋರಿಸಿ."

"ನೀನು ಕಾಲೇಜು ಕಲಿತವಳು, ಹೌದು. ಹೆತ್ತವಳಲ್ಲ. ನಾನು ಐದು ಹೆತ್ತು ಕಟ್ಟಿಸಿಕೊಂಡವಳು."

ನಾನು ಅವರ ಮುಖವನ್ನೇ ನೋಡಿದೆ. ಅವರು ಸೆರಗಿನಿಂದ ಬಾಯಿ ಒರೆಸಿಕೊಂಡು, ದನಿ ತಗ್ಗಿಸಿ, "ನನಗೂ ಇಳಿದದ್ದು ಉಂಟು. ಯಾರಿಗೆ ಹೇಳುದು?" ಎಂದರು. ತಕ್ಷಣ ಮತ್ತೆ ಗಟ್ಟಿಯಾಗಿ, "ಅದಕ್ಕೂ ಬೆಲ್ಟಿಗೂ ಎಂತ ಸಂಬಂಧ? ದೇರಣ್ಣ ಆರು ತಿಂಗಳು ಕಟ್ಟಿದ. ಅವನಿಗೆ ಎಂತ ಆಯ್ತು? ಅವನು ಹೋದದ್ದು ಕರುಳು ಹುಣ್ಣಿನಲ್ಲಿ. ನೀನೇ ಹೇಳಿದ್ದಲ್ವ?" ಎಂದರು.

"ಸುಳ್ಳು ಹೇಳಿದ್ದೆ."

ಮಾವ ವೀಳ್ಯ ಉಗಿದು ಬಂದು ನಿಂತರು.

ಹೇಳಿದೆ. ಗಂಟು, ಕೀವು, ವಾಂತಿಯ ವಾಸನೆ, ಕಪ್ಪಾದ ಕರುಳು. ನನ್ನ ಗಂಡ ಬದುಕಿದ್ದಾಗ ಯಾರಿಗೂ ತಿಳಿಯಬಾರದು ಎಂದದ್ದೆಲ್ಲವನ್ನೂ. ನನ್ನ ದನಿ ಪಾಠ ಒಪ್ಪಿಸುವ ಹಾಗಿತ್ತು.

"ಲೇಸು ಎಳೆದದ್ದು ನಾನು ಮಾವ. ದಿನಾ. ಆ ಬೆಳಗ್ಗೆಯೂ. ನೋವಾಗ್ತದೆ ಎಂದರು. ಪೆರೇಡಿಗೆ ತಡವಾಗ್ತದೆ ಎಂದು ನಾನೇ ಎಳೆದೆ."

 ಒಳಗೆ ಬಟ್ಟೆಯನ್ನು ಎಳೆದಾಡುವ ಸದ್ದು ಕೇಳಿಸಿತು. ಅಮ್ಮು ಅಳುತ್ತಾ, "ಅಮ್ಮ, ಈ ಗಂಟು ಬಿಚ್ಚಿಕೊಡಿ, ನನಗೆ ಕೈಗೆ ಸಿಕ್ಕುದಿಲ್ಲ," ಎಂದಳು. ತಾಯಿ ಒಂದು ಗಳಿಗೆ ನಿಂತಲ್ಲೇ ನಿಂತರು. ಆಮೇಲೆ ಒಳಗೆ ಹೋದರು.

ಮಾವ ಕಟ್ಟನ್ನು ನೋಡಿದರು. ಕೈ ಮುಂದೆ ಮಾಡಲಿಲ್ಲ. "ಅದನ್ನು ನೀನೇ ಎಲ್ಲಿಯಾದರೂ ಹೊಳೆಗೆ ಹಾಕು," ಎಂದರು. "ನನಗೆ ಬೇಡ."

"ನಮ್ಮದಲ್ಲ ಮಾವ. ಹಾಕುವುದಾದರೆ ನೀವೇ ಹಾಕಿ."

ಅವರ ಕೈಯನ್ನು ಹಿಡಿದು ಬಿಡಿಸಿ, ಕಟ್ಟನ್ನು ಅದರ ಮೇಲೆ ಇಟ್ಟೆ.