ಕಿವಿಯಲ್ಲಿ ಹೇಳಿದ ಪಾಸ್‌ವರ್ಡ್

ವಾದಿರಾಜನಿಗೆ ಕಂಪ್ಯೂಟರು ಮಡಿ ಮನೆಯ ಹಾಗೆ ಕಾಣುತ್ತಿತ್ತು. ಶಿಗ್ಗಾಂವಿಯ ಹೆದ್ದಾರಿ ಪಕ್ಕದ ಬೀಜದ ಕಂಪನಿಗೆ ೧೯೮೮ರಲ್ಲಿ ಅದು ಬಂತು. ತಣ್ಣನೆಯ ಕೋಣೆಯಲ್ಲಿ ಒಂದೇ ಡಿಸ್ಕು. ಗೋದಾಮು, ಲೆಕ್ಕದ ಕೋಣೆ, ಮ್ಯಾನೇಜರರ ಕೋಣೆ, ಎಲ್ಲ ಕಡೆಗೂ ಅದರ ಪರದೆಗಳು. ಯಾರು ಒಳಗೆ ಬರಬಹುದು, ಯಾರು ಬರೀ ನೋಡಬಹುದು, ಯಾರು ಮುಟ್ಟಿ ತಿದ್ದಬಹುದು ಎಂದು ಒಬ್ಬೊಬ್ಬರಿಗೂ ಅನುಮತಿ ಕೊಡುವವನು ವಾದಿರಾಜ. ಕಲಿಯಲು ಅವನಿಗೆ ಕಷ್ಟವಾಗಲಿಲ್ಲ. ಅವನ ತಾಯಿ ಯಮುನಾಬಾಯಿ ಸವಣೂರಿನ ಮನೆಯಲ್ಲಿ ಆಯುಷ್ಯವಿಡೀ ಮಾಡಿದ್ದು ಅದನ್ನೇ.

ಎಲ್ಲವನ್ನೂ ತೆರೆಯುವ ದೊಡ್ಡ ಪಾಸ್‌ವರ್ಡ್ ಅವನೊಬ್ಬನಿಗೇ ಗೊತ್ತು. ಯಾರೂ ಊಹಿಸಲಾಗದ, ತಾನೂ ಮರೆಯಲಾಗದ ಶಬ್ದ ಬೇಕೆಂದು, ಮುಂಜಿಯಲ್ಲಿ ತಂದೆ ಕಿವಿಯಲ್ಲಿ ಉಪದೇಶಿಸಿದ ಮಂತ್ರದ ಅಕ್ಷರಗಳನ್ನೇ ಇಟ್ಟುಬಿಟ್ಟ. ಇನ್ನೊಬ್ಬರ ಕಿವಿಗೆ ಬೀಳಬಾರದ್ದು ಅದು. ಅತಿ ಬುದ್ಧಿವಂತಿಕೆಯೂ ಒಂದು ಬಗೆಯ ದಡ್ಡತನವೆಂದು ಆಗ ಅವನಿಗೆ ಯಾರು ಹೇಳಬೇಕು?

ತಂದೆ ಜಯತೀರ್ಥಾಚಾರ್ಯರು ತೀರಿಕೊಂಡ ವಾರವೇ ಕಂಪನಿಯಲ್ಲಿ ಗದ್ದಲವೆದ್ದಿತು. ಮೊಳಕೆ ಪರೀಕ್ಷೆಯಲ್ಲಿ ಬಿದ್ದ ಜೋಳದ ಬೀಜ ಕಂಪ್ಯೂಟರಿನಲ್ಲಿ ಪಾಸಾಗಿ, ಹಿರೇಬೆಂಡಿಗೇರಿಯ ಹೊಲಗಳಿಗೆ ಹೋಗಿತ್ತು. ಹುಟ್ಟಲಿಲ್ಲ. ಅಂಕಿ ತಿದ್ದಿದವನು ಲಕ್ಕಪ್ಪ ಎಂದು ಪರದೆ ತೋರಿಸಿತು. ಲಕ್ಕಪ್ಪ ಗೋದಾಮಿನ ಗುಮಾಸ್ತ, ಅದೇ ಹಿರೇಬೆಂಡಿಗೇರಿಯವನು. ಅವನು ತಿದ್ದಿರಲಿಲ್ಲ. ಯಾವ ಕೋಣೆಯಿಂದ ತಿದ್ದಿದರೆಂಬುದೂ ಕಂಪ್ಯೂಟರಿನೊಳಗೆ ಇರುತ್ತದೆ, ಆದರೆ ಅದನ್ನು ನೋಡಲು ದೊಡ್ಡ ಪಾಸ್‌ವರ್ಡ್ ಬೇಕು.

ಲಕ್ಕಪ್ಪ ಸವಣೂರಿಗೆ ಬಂದ. ವಾದಿರಾಜ ತಲೆ ಬೋಳಿಸಿಕೊಂಡು ಸೂತಕದಲ್ಲಿ ಕುಳಿತಿದ್ದ. ಕರ್ಮ ಹಿಡಿದವನು ಊರು ಬಿಡುವಂತಿಲ್ಲ. ನಾಳೆಯೇ ವಿಚಾರಣೆ, ಕೆಲಸ ಹೋದರೆ ಹೋಗಲಿ, ಊರವರ ಅನ್ನಕ್ಕೆ ಮಣ್ಣು ಹಾಕಿದವನೆಂಬ ಹೆಸರು ಬೇಡ ಎಂದು ಲಕ್ಕಪ್ಪ ಕಟ್ಟೆಯ ಮೇಲೆ ಕುಳಿತು ಹೇಳಿಕೊಂಡ.

"ನೀವು ಬರಾಕ ಆಗೂದಿಲ್ಲ, ಗೊತ್ತೈತ್ರಿ ಆಚಾರ್ರ. ಆ ಒಂದ್ ಶಬ್ದಾ ಹೇಳ್ರಿ. ಲೆಕ್ಕದವರ ಕೈಲೆ ಆ ದಾಖಲೆ ತೆಗಸ್ತೇನಿ. ಆಮ್ಯಾಲೆ ನೀವು ಅದನ್ನ ಬದಲಿ ಮಾಡ್ರಿ."

ವಾದಿರಾಜ ಆ ಶಬ್ದ ಹೇಳುವಂತಿಲ್ಲ. ಯಾಕೆಂದು ಹೇಳೋಣವೆಂದರೆ ಬಾಗಿಲ ಮರೆಯಲ್ಲಿ ತಾಯಿ. ಗಂಡ ಹೋಗಿ ವಾರ ತುಂಬದ ಆಕೆಗೆ, ಅವರು ಕೊಟ್ಟ ಮಂತ್ರವನ್ನು ಮಗ ಯಂತ್ರದ ಕೀಲಿ ಮಾಡಿಕೊಂಡಿದ್ದಾನೆಂದು ಕೇಳಿಸುವುದೇ?

"ಹದಿಮೂರು ದಿನಾ ಮುಗೀಲಿ, ನಾನ ಬರ್ತೇನಿ" ಎಂದಷ್ಟೇ ಅಂದು ಮುಖ ತಿರುಗಿಸಿದ. ಲಕ್ಕಪ್ಪ ಎದ್ದು ಹೋದ.

ಕರ್ಮ ಮುಗಿದ ಮರುದಿನ ಮೊದಲ ಬಸ್ಸಿಗೇ ಹೋಗಿ ವಾದಿರಾಜ ದಾಖಲೆ ತೆಗೆದ. ತಿದ್ದಿದ್ದು ಮ್ಯಾನೇಜರರ ಕೋಣೆಯಿಂದ. ಲಕ್ಕಪ್ಪನ ಪಾಸ್‌ವರ್ಡ್ ಊಹಿಸಲು ಜಾಣತನವೇನೂ ಬೇಕಿರಲಿಲ್ಲ. ಅವನ ಹೆಸರನ್ನೇ ಪಾಸ್‌ವರ್ಡ್ ಮಾಡಿ ಕೊಟ್ಟವನು ವಾದಿರಾಜ. ತನ್ನದಕ್ಕೆ ಮಾತ್ರ ಮಂತ್ರದ ಕಾವಲು. ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ದಾಖಲೆ ಮುಂದಿಟ್ಟರೆ ಮ್ಯಾನೇಜರರು ಸಿಟ್ಟಾಗಲೂ ಇಲ್ಲ. ಲಕ್ಕಪ್ಪ ವಿಚಾರಣೆಯಲ್ಲಿ ತಪ್ಪೊಪ್ಪಿಕೊಂಡು ಸಹಿ ಮಾಡಿದ್ದಾನೆ, ಇನ್ನು ಯಂತ್ರ ಏನು ಹೇಳಿದರೇನು ಎಂದರು. ಕಂಪ್ಯೂಟರಿನಿಂದ ಅವನ ಹೆಸರು ಇವತ್ತೇ ತೆಗೆದುಬಿಡಿ ಎಂದೂ ಸೇರಿಸಿದರು.

ಲಕ್ಕಪ್ಪ ಸಿಕ್ಕಿದ್ದು ಮಾಸೂರಿನ ಕೆರೆ ಕೆಳಗಿನ ಗದ್ದೆಯಲ್ಲಿ, ನಾಟಿಯ ಕೂಲಿಯವರ ನಡುವೆ. ಸ್ವಂತ ಊರಿನಲ್ಲಿ ಅವನನ್ನು ಯಾರೂ ಮಾತಾಡಿಸುತ್ತಿರಲಿಲ್ಲವಂತೆ. ವಾದಿರಾಜ ಬದುವಿನ ಮೇಲೆ ನಿಂತು ಎಲ್ಲ ಹೇಳಿದ, ಮಂತ್ರದ ಸಂಗತಿಯನ್ನೂ. ಮಾಡದ ತಪ್ಪಿಗೆ ಸಹಿ ಯಾಕೆ ಹಾಕಿದೆ ಎಂದು ಕೇಳಿದ.

ಲಕ್ಕಪ್ಪ ಕೈಯ ಕೆಸರು ಒರೆಸಿಕೊಂಡ.

"ಮಂತ್ರ ಅಂತ ಅವತ್ತ ಅಂದಿದ್ರ ನಾ ಕೇಳ್ತಿದ್ದಿಲ್ಲರಿ. ನನಗೂ ತಿಳೀತೈತಿ. ನೀವು ಮುಖಾ ತಿರುವಿದ್ರಿ. ಆಚಾರ್ರೂ ನನ್ನ ಕಳ್ಳ ಅಂದ್ಕೊಂಡಾರ, ಇನ್ ಯಾರ್ ನಂಬತಾರ ಅಂತ, ಅವರು ತೋರಿಸಿದಲ್ಲೆ ಸಹಿ ಹಾಕಿ ಬಂದೆ."

ಇಷ್ಟು ಹೇಳಿ ಅವನು ಮತ್ತೆ ಗದ್ದೆಗೆ ಇಳಿದ. ವಾದಿರಾಜ ಸಂಜೆಯ ಬಸ್ಸಿನವರೆಗೂ ಬದುವಿನ ಮೇಲೆಯೇ ನಿಂತಿದ್ದ. ಲಕ್ಕಪ್ಪ ತಲೆ ಎತ್ತಲಿಲ್ಲ.